ತೆಗೆದಿಟ್ಟ ಅಭಿಮಾನ

ಫುಟ್‌ಬಾಲ್ ಲೀಗ್ ಶುರುವಾಗುವ ಮುನ್ನ ರೆಫರಿಗಳ ಮನಸ್ಸಿನಿಂದ ತಂಡದ ಮೇಲಿನ ಅಭಿಮಾನವನ್ನು ತೆಗೆದಿಡುವುದು ರೂಢಿ. ಲೀಗ್ ಮುಗಿದ ಮರುದಿನ ಅದನ್ನು ಮರಳಿ ಕೊಡುತ್ತಾರೆ. ಹಾಗೆ ಮರಳಿ ಪಡೆಯಲೆಂದೇ ರೆಫರಿ ಫಿಲೋಮಿನಾ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಿದ್ದಳು. ಜೊತೆಗೆ ಬಂದಿದ್ದ ಅಣ್ಣ ಚೌರಪ್ಪ ಬಸ್ಸಿನಲ್ಲಿ ಶುರು ಮಾಡಿದ ಜಗಳವನ್ನು ಇನ್ನೂ ನಿಲ್ಲಿಸಿರಲಿಲ್ಲ.

“ಕೊನೇ ಮ್ಯಾಚಲ್ಲಿ ನಮ್ಮ ಬೇಗೂರಿನ ಮೇಲೆ ಪೆನಾಲ್ಟಿ ಕೊಟ್ಯಲ್ಲ! ಡ್ರಾ ಆಗಿದ್ರೂ ಕಪ್ ನಮ್ದೇ ಆಗ್ತಿತ್ತು. ಆ ಆಸ್ಟಿನ್ ಟೌನಿನವರು ನಿನಗೇನು ನೆಂಟರಾ?”

“ಚೆಂಡು ಕೈಗೆ ತಾಗ್ತು, ವಿಸಿಲ್ ಊದಿದೆ. ನನಗೆ ಎರಡು ತಂಡಾನೂ ಒಂದೇ ಆಗಿತ್ತು. ಸುಸ್ತಾಗಿದೆ ಅಣ್ಣ, ಸುಮ್ನಿರು.”

“ಅಪ್ಪನ ಹೆಗಲ ಮೇಲೆ ಕೂತು ಬೇಗೂರು, ಬೇಗೂರು ಅಂತ ಕೂಗ್ತಿದ್ದವಳು ನೀನೇನಾ?”

ಅದು ಅವಳಿಗೆ ನೆನಪಿತ್ತು. ಆದರೆ ಬೇರೆ ಯಾರದೋ ಮನೆಯ ಫೋಟೊ ನೋಡಿದಂತಿತ್ತು.

ನರ್ಸ್ ಹೆಸರು ಕರೆದಳು. ಒಂದು ಸೂಜಿ, ಒಂದು ಹತ್ತಿ ಉಂಡೆ, ಅಷ್ಟೆ. ಹೊರಗೆ ಬಂದ ಫಿಲೋಮಿನಾ ಬಾಗಿಲ ಬಳಿಯೇ ಗೋಡೆ ಹಿಡಿದು ನಿಂತಳು. ನಿನ್ನೆ ಚೆಂಡು ಬಲೆ ಸೇರಿದಾಗ ಮಣ್ಣಿನಲ್ಲಿ ಮುಖ ಹುದುಗಿಸಿದ ಬೇಗೂರಿನ ಗೋಲ್‌ಕೀಪರ್ ಅವಳ ಕಣ್ಣ ಮುಂದೆ ಬಂದ. ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಈಗ್ಲಾದ್ರೂ ಹೇಳು, ಅದು ಪೆನಾಲ್ಟಿನಾ?” ಎಂದು ಚೌರಪ್ಪ ಮೆಲ್ಲಗೆ ಕೇಳಿದ.

“ಪೆನಾಲ್ಟಿನೇ ಅಣ್ಣ,” ಎಂದಳು ಅಳುತ್ತಲೇ. “ನಾಳೆ ಮತ್ತೆ ಆಡಿಸಿದ್ರೂ ಕೊಡ್ತೀನಿ.”

ಚೌರಪ್ಪ ಕರ್ಚೀಫು ತೆಗೆದು ತಂಗಿಯ ಕೈಗಿಟ್ಟ.

“ಫಸ್ಟ್ ಹಾಫಲ್ಲೇ ನಾವು ಎರಡು ಗೋಲು ಹೊಡೀಬೇಕಿತ್ತು, ಬಿಡು,” ಎಂದ.