ಎರಡನೆಯ ಪೆಟ್ಟಿಗೆ

“ಇದ್ಯಾಕೆ ಹೀಗೆ ಗಡಗಡ ಅಂತಿದೆ?”

ಮ್ಯಾನೇಜರ್ ಸಾಹೇಬರು ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿದರು. ಸದ್ದು ನಿಂತಿತು. ಗಡಗಡವೂ ನಿಂತಿತು.

“ಪ್ರೊಸೆಸರ್‌ದು ತಪ್ಪಿಲ್ಲ ಸರ್, ನಿಮ್ಮ ಮೇಜಿನ ಹಲಗೆ ಡೊಂಕು,” ಎಂದಳು ಸಂಗೀತ ಸಲಕರಣೆಯ ಅಂಗಡಿಯವಳು. “ಸ್ಪೀಕರ್ ಸದ್ದಿಗೆ ಪೆಟ್ಟಿಗೆ ಕುಣೀತಿದೆ. ಕೆಳಗೆ ಏನಾದ್ರೂ ಒತ್ತು ಕೊಡಿ.”

ಸಾಹೇಬರು ಟ್ರೇಯಿಂದ ಕೈಗೆ ಸಿಕ್ಕಿದ ಕಾಗದವನ್ನು ಎತ್ತಿಕೊಂಡರು. ಕಾರ್ಖಾನೆಯ ಹಳೇ ಕೆಲಸಗಾರ ದೊಡ್ಡಪ್ಪನ ಅರ್ಜಿ. ‘ತಗಡು ಒತ್ತುವ ಪ್ರೆಸ್ ವಿಭಾಗದಿಂದ ನನ್ನನ್ನು ಉಗ್ರಾಣಕ್ಕೆ ವರ್ಗ ಮಾಡಿ’ ಎಂಬ ಮೊದಲ ಸಾಲಿನವರೆಗೆ ಅವರು ಅದನ್ನು ಓದಿದ್ದರು. ಹಿಂದೆ ಪಿನ್ನು ಚುಚ್ಚಿದ ಇನ್ನೊಂದು ಹಾಳೆಯಿತ್ತು, ದಪ್ಪಕ್ಕೆ ಅನುಕೂಲವಾಯಿತು. ನಾಲ್ಕು ಮಡಿಕೆ ಮಾಡಿ ಮೊದಲನೆಯ ಪೆಟ್ಟಿಗೆಯಡಿ ತುರುಕಿದರು. ಮೂರು ವಾರ ಸುಮ್ಮನೆ ಬಿದ್ದಿದ್ದ ಅರ್ಜಿ ಕೊನೆಗೂ ಆಡಳಿತದ ಉಪಯೋಗಕ್ಕೆ ಬಂತು.

ಶನಿವಾರ ಕಾರ್ಖಾನೆಯ ವಾರ್ಷಿಕೋತ್ಸವ. ಮೊದಲ ಸಾಲಿನಲ್ಲಿ ಮಾಲೀಕರು. ಹೋದ ವರ್ಷ ಸಾಹೇಬರು ಬರೀ ಗಿಟಾರ್ ನುಡಿಸಿದ್ದಾಗ ಮಾಲೀಕರು ಆಕಳಿಸಿದ್ದರು. ದೋಷ ಬೆರಳುಗಳಲ್ಲಿ ಇರಲು ಸಾಧ್ಯವಿರಲಿಲ್ಲ. ಅವು ಮ್ಯಾನೇಜರರ ಬೆರಳುಗಳು. ಹಾಗಾದರೆ ಸಲಕರಣೆಯದೇ ತಪ್ಪು. ಅದಕ್ಕೇ ಈಗ ಅಂಗಡಿಯಿಂದ ಪರೀಕ್ಷೆಗೆಂದು ಎರಡು ರ‍್ಯಾಕ್ ಎಫೆಕ್ಟ್ಸ್ ಪ್ರೊಸೆಸರುಗಳು ಬಂದು, ಕೆಲಸದ ಹೊತ್ತಿನಲ್ಲೇ, ಕಚೇರಿಯ ಮೇಜಿನ ಮೇಲೆ ಕೂತಿದ್ದವು. ಎರಡೂ ಗಿಟಾರಿನ ಸದ್ದನ್ನು ಬೇಕಾದಂತೆ ಬದಲಿಸುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆಗಳು, ಮುಖದ ತುಂಬ ಗುಂಡಿಗಳು.

“ಒಂದು ಹಾಡಿಗೆ ನಾಲ್ಕು ಎಫೆಕ್ಟ್ ಸಾಕು ಸರ್. ಚೂರು ಡಿಲೇ, ಚೂರು ರಿವರ್ಬ್, ಅಂದ್ರೆ ಸ್ವಲ್ಪ ಮಾರ್ದನಿ,” ಎಂದಳು ಅಂಗಡಿಯವಳು. “ಮೊದಲನೇದು ತಗೊಳ್ಳಿ, ಸದ್ದು ಶುಭ್ರವಾಗಿದೆ. ಎರಡನೇದ್ರಲ್ಲಿ ಇನ್ನೂರು ಇವೆ, ಆದ್ರೆ ನುಡಿಸದೆ ಇದ್ದಾಗ್ಲೂ ಬುಸ್ಸ್ ಅನ್ನುತ್ತೆ.”

“ಇನ್ನೂರು ಇರೋವಾಗ ನಾಲ್ಕಕ್ಕೆ ತೃಪ್ತಿ ಪಡೋದು ಕೂಲಿಯವರ ಬುದ್ಧಿ ಕಣಮ್ಮ.”

“ಹಾಗಾದ್ರೆ ಎರಡನೇದೇ ಪ್ಯಾಕ್ ಮಾಡ್ಲಾ?”

“ತಡಿ. ಪರಿಣತರ ಮಾತು ನಂಗೆ ಬೇಡ. ಜನಸಾಮಾನ್ಯನ ಕಿವಿ ಕರೆಸ್ತೀನಿ.”

ಸಾಹೇಬರು ಜನತೆಯನ್ನು ಗೌರವಿಸುವುದು ಹೀಗೆ, ವರ್ಷಕ್ಕೊಮ್ಮೆ, ಫೋನಿನಲ್ಲಿ.

ದೊಡ್ಡಪ್ಪ ಬಂದ. ಮೂವತ್ತೊಂದು ವರ್ಷ ಪ್ರೆಸ್ಸಿನ ಬಾಯಿಗೆ ತಗಡು ಉಣಿಸಿದವನು. ಇಡೀ ಕಾರ್ಖಾನೆಗೆ ದೊಡ್ಡಪ್ಪ. ಅವನ ಮಗಳು ಪ್ಯಾಕಿಂಗ್ ವಿಭಾಗದವಳು. ಪ್ರತಿ ಸೋಮವಾರ ಬಾಗಿಲಲ್ಲಿ ನಿಂತು, “ಅಪ್ಪನ ಅರ್ಜಿ ಓದಿದ್ರಾ ಸರ್?” ಎನ್ನುತ್ತಿದ್ದಳು. “ಓದದೆ ಇರ್ತೀನೇನಮ್ಮ?” ಎನ್ನುತ್ತಿದ್ದರು ಸಾಹೇಬರು. ಉಗ್ರಾಣದಲ್ಲಿ ಫ್ಯಾನಿದೆ, ಕುರ್ಚಿಯಿದೆ, ತೂಕಡಿಸಲು ಜಾಗವಿದೆ. ಇದರಲ್ಲಿ ಓದುವಂಥದ್ದೇನಿದೆ?

“ಎರಡರಲ್ಲಿ ಯಾವುದು ಚೆನ್ನಾಗಿದೆ ಹೇಳು. ಸಂಕೋಚ ಬೇಡ.”

“ಎಲ್ಲಾ ಅರ್ಜೀಲಿ ಬರೆದಿದೆ ಸರ್!” ಎಂದ ದೊಡ್ಡಪ್ಪ, ಪಕ್ಕದ ಕೋಣೆಗೂ ಕೇಳುವಂತೆ.

ಸಾಹೇಬರು ಅಂಗಡಿಯವಳ ಕಡೆ ಕಣ್ಣು ಮಿಟುಕಿಸಿದರು. “ಸಿಕ್ಕಿದ್ದೇ ಸಮಯ ಅಂತ ಬೇಳೆ ಬೇಯಿಸ್ಕೊಳ್ತಾನೆ, ನೋಡು.” ಒಂದು ಬೆರಳೆತ್ತಿ ಮೊದಲನೆಯ ಪೆಟ್ಟಿಗೆ ತೋರಿಸಿ ನುಡಿಸತೊಡಗಿದರು.

ದೊಡ್ಡಪ್ಪ ಮುಂದೆ ಬಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ. ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ತಲೆಯಾಡಿಸಿದ. ಇಲ್ಲ.

ಸಾಹೇಬರು ಎರಡು ಬೆರಳೆತ್ತಿದರು. ಎರಡನೆಯ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ‘ಮಹಾಗುಹೆ’ ಎಂಬ ಎಫೆಕ್ಟನ್ನು ತುತ್ತತುದಿಗೆ ತಿರುಗಿಸಿದರು. ಕಿಟಕಿಯ ಗಾಜು ನಡುಗಿತು. ಅಂಗಡಿಯವಳು ಎರಡೂ ಕಿವಿ ಮುಚ್ಚಿಕೊಂಡಳು. ದೊಡ್ಡಪ್ಪನ ಅಂಗೈ ಈಗ ಗಡಗಡ ಕುಣಿಯುವ ಎರಡನೆಯ ಪೆಟ್ಟಿಗೆಯ ಮೇಲಿತ್ತು, ಮುಖ ಅರಳಿತು.

“ಇದು ಬಂತು ಸರ್! ಅದು ಬರ್ಲೇ ಇಲ್ಲ. ಇದು ಎದೆವರೆಗೂ ಬಂತು!”

“ಕೇಳ್ದೇನಮ್ಮ?” ಸಾಹೇಬರು ಎದ್ದೇ ನಿಂತರು. “ಇಂಥ ಕಿವಿ ಉಗ್ರಾಣದಲ್ಲಿ ಕೊಳೀಬೇಕಾ?”

ಆಡಳಿತ ಎಂದರೆ ತಕ್ಷಣದ ನಿರ್ಧಾರ. ಕೆಳಗಿನ ದೊಡ್ಡ ಪ್ರೆಸ್ಸು ಇಳಿಯುವ ಮುನ್ನ ಗಂಟೆ ಬಾರಿಸುತ್ತದೆ. ಆ ಗದ್ದಲದಲ್ಲಿ ತಗಡು ಉಣಿಸುವ ಆರು ಜನಕ್ಕೆ ಅದು ಕೇಳುವುದಿಲ್ಲ. ಅದಕ್ಕೆ ಗಂಟೆಯ ಪಕ್ಕದಲ್ಲೇ ಒಬ್ಬನನ್ನು ನಿಲ್ಲಿಸುವ ಪದ್ಧತಿ. ಅವನು ಗಂಟೆ ಕೇಳಿ ಕೆಂಪು ಬಟ್ಟೆ ಎತ್ತಬೇಕು. ಅದನ್ನು ಕಂಡು ಉಳಿದವರು ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಯಂತ್ರಕ್ಕೆ ಕೈ ಸಿಗದಂತೆ ಮುಚ್ಚಳ ಹಾಕಿಸುವುದಕ್ಕಿಂತ ಇದು ಸುಲಭ ಎಂದು ಸಾಹೇಬರೇ ಕಂಡುಹಿಡಿದದ್ದು.

ಫೋನೆತ್ತಿದರು. “ಇವತ್ತಿಂದಲೇ ಗಂಟೆ ಹತ್ರ ದೊಡ್ಡಪ್ಪನ್ನ ನಿಲ್ಸು.”

“ದೊಡ್ಡಪ್ಪನ್ನಾ? ಸರ್, ಅವರಿಗೆ...” ಎಂದ ಪ್ರೆಸ್ಸಿನ ಮೇಸ್ತ್ರಿ.

“ಗೊತ್ತು, ಉಗ್ರಾಣ ಬೇಕಂತೆ. ಹೇಳಿದಷ್ಟು ಮಾಡು, ಇಲ್ಲಾಂದ್ರೆ ನಾಳೆಯಿಂದ ನೀನು ಬರ್ಬೇಡ.” ಫೋನ್ ಕುಕ್ಕಿದರು. ದೊಡ್ಡಪ್ಪನ ಬೆನ್ನು ತಟ್ಟಿ, ಬಾಯಿತುಂಬ ನಕ್ಕು, ಬಾಗಿಲು ತೋರಿಸಿದರು.

ದೊಡ್ಡಪ್ಪ ಆ ನಗುವನ್ನೇ ನೋಡಿದ. ಕೈ ಮುಗಿದ. ಕಣ್ಣು ತುಂಬಿ ಬಂತು. “ಆಯ್ತಾ ಸರ್? ಮಗಳಿಗೆ ಹೇಳ್ತೀನಿ ಸರ್!” ಮೆಟ್ಟಿಲಿಳಿದು ಹೋದ.

“ಕಣ್ಣೀರು!” ಎಂದರು ಸಾಹೇಬರು. “ನನ್ನ ವಾದನಕ್ಕೆ!”

ಆ ಉತ್ಸಾಹದಲ್ಲಿ ಇನ್ನೂ ಮೂರು ಹಾಡು ನುಡಿಸಿದರು. ಅಂಗಡಿಯವಳು ಅಷ್ಟನ್ನೂ ಸಹಿಸಿ, ತಂತಿ ಸುತ್ತಿಟ್ಟು, ಮೊದಲನೆಯ ಪೆಟ್ಟಿಗೆಯನ್ನು ಎತ್ತಿದಳು. ಅಡಿಯಿಂದ ಕಾಗದ ಉದುರಿತು.

“ಇದು ಬೇಕಾ ಸರ್?”

“ನೋಡಿ ಬಿಸಾಕು.”

ಅವಳು ಮಡಿಕೆ ಬಿಚ್ಚಿದಳು. ಕೆಳಗೆ ದೊಡ್ಡ ಪ್ರೆಸ್ಸಿನ ಗಂಟೆ ಬಾರಿಸತೊಡಗಿತು.

ಹಿಂದಿನ ಹಾಳೆಯಲ್ಲಿ ವೈದ್ಯರು ಒಂದೇ ಸಾಲು ಬರೆದಿದ್ದರು: ‘ಎರಡೂ ಕಿವಿ ಪೂರ್ತಿ ಹೋಗಿವೆ.’