ಅರ್ಧಕ್ಕೆ ನಿಂತ ಪದ್ಯ

ಸಂಜೆ ಊರ ಕಟ್ಟೆಯ ಮೇಲೆ ಪದ್ಯ ಓದುತ್ತಿದ್ದ ಕವಿ ಗುರುಪಾದಯ್ಯ ಇನ್ನೂ ಐದನೆಯ ನುಡಿಗೆ ಬಂದಿದ್ದ, ಅಷ್ಟರಲ್ಲಿ ಮುಂದೆ ಕುಳಿತಿದ್ದ ಹತ್ತು ಹನ್ನೆರಡು ಜನ ಒಮ್ಮೆಲೇ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ನಿಜಾಮನ ಸೀಮೆಯಲ್ಲೂ ಇದೇ ಪದ್ಯ ಓದುವಾಗ ಜನ ಹೀಗೇ ಎದ್ದಿದ್ದರು. ಬೆನ್ನಿಗೇ ರಜಾಕಾರರು ಬಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಹುಕ್ಕೇರಿ ಸೇರಿ ತಿಂಗಳೂ ತುಂಬಿರಲಿಲ್ಲ. ಇಲ್ಲಿಯ ಋಣವೂ ತೀರಿತೆಂದುಕೊಂಡು ಹಾಳೆ ಮಡಚಿದ, ಕೈಚೀಲ ಹೆಗಲಿಗೇರಿಸಿ ಕಟ್ಟೆ ಇಳಿದು ಬಸ್ಸಿನ ದಾರಿ ಹಿಡಿದು ಊರಂಚಿಗೆ ಬಂದ.

"ನಿಲ್ರಿ ಕವಿಗಳ, ನಿಲ್ರಿ!"

ಮೊದಲು ಎದ್ದು ಹೋಗಿದ್ದ ಮುದುಕ ತವನಪ್ಪನೇ ಏದುಸಿರು ಬಿಡುತ್ತ ಓಡಿಬಂದ. ಅವನೊಡನೆ ಎದ್ದು ಹೋದವರೂ ಹಿಂದೆಯೇ ಬಂದರು. ಅವರ ತೊಳೆದ ಕೈ ಇನ್ನೂ ಆರಿರಲಿಲ್ಲ.

"ನಾವು ಜೈನರ್ರಿ, ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ಅದಕ್ಕ ಓಡಿಹೋಗಿ ಎರಡ ತುತ್ತು ತಿಂದು ಬಂದ್ವಿ. ಪದ್ಯ ಅರ್ಧಕ್ಕ ನಿಂತೈತಿ, ಬರ್ರಿ." ಕೈಯಲ್ಲಿದ್ದ ಗಂಟು ಚಾಚಿದ. "ನಮ್ಮ ಸೊಸಿ ಜಿನ್ನವ್ವ ನಿಮಗೂ ರೊಟ್ಟಿ ಕಟ್ಯಾಳ. ನೀವೇನು, ಓದಿದ ಮ್ಯಾಲ ಉಂಡ್ರೂ ನಡೀತೈತಿ."

ಗುರುಪಾದಯ್ಯ ಪಡುವಣಕ್ಕೆ ನೋಡಿದ. ಸೂರ್ಯನ ಅಂಚು ಇನ್ನೂ ಕಾಣುತ್ತಿತ್ತು. ಚೀಲ ಇಳಿಸಿ, ಅಲ್ಲೇ ದಾರಿಬದಿಯಲ್ಲಿ ಕುಳಿತು, ಗಂಟು ಬಿಚ್ಚಿ ರೊಟ್ಟಿ ಮುರಿದ.

"ತಡೀರಿ ಕಾಕಾ, ಇನ್ನೂ ಹೊತ್ತೈತಿ. ನಾನೂ ಉಂಡೇ ಓದ್ತೀನಿ."