ಲೈಟಿನ ಸರ ಹಾಕಿದ ಗೇಟು

ಕಬ್ಬಿಣದ ಗೇಟು ಮುಚ್ಚಿದ ಸದ್ದಿಗೆ ಜಿತೇಶ್ ಕಿಟಕಿಯತ್ತ ತಿರುಗಿದ. ಅವನ ಕಾರಿನ ಹಿಂದೆಯೇ ಒಂದು ಬಿಳಿ ಪಿಕಪ್ ಬಂದು ನಿಂತಿತ್ತು. ಅದು ಸರಿಯದೆ ಕಾರು ಹೊರಗೆ ಹೋಗುವಂತಿರಲಿಲ್ಲ.

“ಎಂತ ಆಯಿತು?” ಹೆಂಡತಿ ಅನಿಷಾ ಕೇಳಿದಳು.

“ಎಂತ ಇಲ್ಲ. ಹೋಟೆಲಿಗೆ ಜನ ಬರ್ತಾರೆ, ಹೋಗ್ತಾರೆ.”

ಹಾಗೆ ಹೇಳಿದನೇ ಹೊರತು ಧೈರ್ಯ ಅವನಿಗೂ ಇರಲಿಲ್ಲ. ಅನಿಷಾ ಉಡುಪಿಯಿಂದ ಬಂದು ಇನ್ನೂ ತಿಂಗಳಾಗಿರಲಿಲ್ಲ. ಮಗಳನ್ನು ಸೌದಿಗೆ ಕಳಿಸಲು ಹೆದರುತ್ತಿದ್ದ ಮಾವನಿಗೆ, ಅವಳಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟು ಕರೆಸಿಕೊಂಡಿದ್ದ. ವಾರದ ರಜೆಗೆ ಹಾಯಿಲ್ ಪ್ರಾಂತ್ಯ ಸುತ್ತಲು ಹೊರಟಾಗ ಗೆಳೆಯ ರಝಾಕ್ ಹಳ್ಳಿಯ ಹೋಟೆಲೊಂದರ ದಾರಿ ಹೇಳಿದ್ದ. “ಖರ್ಜೂರದ ತೋಟ ಕಳೆದು ಎಡಕ್ಕೆ. ಬೋರ್ಡ್ ಗೀರ್ಡ್ ಇಲ್ಲ ಮಾರಾಯ. ಗೇಟಿಗೆ ಲೈಟಿನ ಸರ ಉಂಟು. ನೆಲದಲ್ಲಿ ಕೂತು ಉಣ್ಣುವುದು.”

ಎಲ್ಲವೂ ಹಾಗೆಯೇ ಇತ್ತು. ತೆರೆದ ಬಾಗಿಲು, ಕೆಂಪು ಜಮಖಾನೆ, ಗೋಡೆಯುದ್ದಕ್ಕೂ ಒರಗುದಿಂಬು. ಆಫೀಸಿನಲ್ಲಿ ಬಾಯಿ ಬಿಡದ ಜಿತೇಶನಿಗೆ ಹೋಟೆಲಿಗೆ ಕಾಲಿಟ್ಟರೆ ಸಾಕು, ಸಾಹುಕಾರಿಕೆ ಬಂದುಬಿಡುತ್ತಿತ್ತು. ಕೂತವನೇ ಚಪ್ಪಾಳೆ ತಟ್ಟಿ ಬಿಳಿಗಡ್ಡದ ಮುದುಕನನ್ನು ಕರೆದ. ಜಮಖಾನೆಯ ಮೇಲೆ ಬಿದ್ದಿದ್ದ ಖರ್ಜೂರದ ಬೀಜವನ್ನು ತೆಗೆ ಎಂದು ಬೆರಳು ತೋರಿಸಿದ. ಮುದುಕ ಒಂದು ಕ್ಷಣ ಅವನನ್ನೇ ನೋಡಿ, ಬಗ್ಗಿ ತೆಗೆದ. ಪುಟ್ಟ ಕಪ್ಪಿನಲ್ಲಿ ಕಹಿ ಕಾಫಿ ಬಂದಾಗ ಜಿತೇಶ್ ಮುಖ ಕಿವುಚಿ, ಸಕ್ಕರೆ ಇಲ್ಲವಾ ಎಂದು ಅರೆಬರೆ ಅರಬಿಯಲ್ಲಿ ಗದರಿದ. ಮುದುಕ ಸಕ್ಕರೆಯನ್ನೂ ತಂದಿಟ್ಟ. ಆಮೇಲೆ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಪಿಕಪ್ ಬಂದದ್ದು ಅದಾದ ಮೇಲೆ.

ಅದರಿಂದ ಇಳಿದ ಇಬ್ಬರು ಏನನ್ನೂ ಆರ್ಡರ್ ಮಾಡದೆ ಎದುರು ಕೂತರು. ಹಿಂದಿನಿಂದ ಮತ್ತೆ ಮೂವರು ಬಂದರು. ಎಲ್ಲರ ಕಣ್ಣೂ ಜಿತೇಶನ ಮೇಲೆ. ಅವನು ಕಪ್ ಖಾಲಿ ಮಾಡಿ ನೀಡಿದಾಗಲೆಲ್ಲ ಮುದುಕ ಮತ್ತೆ ತುಂಬಿಸುತ್ತಿದ್ದ.

ಒಳಬಾಗಿಲು ತೆರೆಯಿತು. ಕಪ್ಪು ಬುರ್ಖಾದ ಹೆಂಗಸೊಬ್ಬಳು ಅನಿಷಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು.

ಜಿತೇಶ್ ಎದ್ದು ಆ ಬಾಗಿಲಿನತ್ತ ಹೆಜ್ಜೆ ಹಾಕಿದ. ಐವರೂ ಒಟ್ಟಿಗೇ ಎದ್ದು ನಿಂತರು. ಮುದುಕ ಅವನ ಭುಜ ಹಿಡಿದು ಕೂರಿಸಿ, ಮತ್ತೆ ಕಾಫಿ ಸುರಿದ.

ಫೋನು ಕಾರಿನಲ್ಲಿತ್ತು. ಹಿತ್ತಲಿನಿಂದ ಕತ್ತಿ ಮಸೆಯುವ ಸದ್ದು ಬಂತು. ಸಾಹುಕಾರಿಕೆ ಎಲ್ಲಿ ಹೋಯಿತೋ, ಜಿತೇಶ್ ಪರ್ಸನ್ನೇ ತೆಗೆದು ಮುದುಕನ ಮುಂದೆ ಹಿಡಿದ. “ಇದ್ದದ್ದೆಲ್ಲ ತಗೊಳ್ಳಿ. ಅವಳನ್ನು ಬಿಟ್ಟುಬಿಡಿ.” ಮಾತು ಕನ್ನಡದಲ್ಲೇ ಬಂತು.

ಮುದುಕನ ಮುಖ ಕೆಂಪಾಯಿತು. ಪರ್ಸನ್ನು ಕಿತ್ತು ಜಿತೇಶನ ಜೇಬಿಗೇ ತುರುಕಿದ. ದುಡ್ಡು ಬೇಡವೆಂದರೆ ಇವರಿಗೆ ಬೇಕಾದದ್ದು ಬೇರೆಯೇ ಎಂದುಕೊಂಡ ಜಿತೇಶ್. ಮಾವನ ಮುಖ ನೆನಪಾಗಿ ಅಳು ಬಂತು. ಮುಚ್ಚಿದ ಒಳಬಾಗಿಲನ್ನೇ ನೋಡುತ್ತ ಎರಡು ಮೂರು ಗಂಟೆ ಕಳೆದ.

ಕೊನೆಗೆ ಇಬ್ಬರು ದೊಡ್ಡ ತಟ್ಟೆಯೊಂದನ್ನು ಹೊತ್ತು ತಂದರು. ಅನ್ನದ ರಾಶಿಯ ಮೇಲೆ ಇಡೀ ಒಂದು ಕುರಿ. ಅದನ್ನು ಜಿತೇಶನ ಮುಂದಿಟ್ಟು ಸುತ್ತ ಕೂತರು. ಯಾರೂ ಕೈ ಹಾಕಲಿಲ್ಲ, ಅವನನ್ನೇ ನೋಡುತ್ತಿದ್ದರು.

ಒಳಬಾಗಿಲ ಸಂದಿಯಲ್ಲಿ ಅನಿಷಾ ಕಾಣಿಸಿದಳು. ಎರಡೂ ಕೈಗೆ ಮಣಿಕಟ್ಟಿನವರೆಗೆ ಹಸಿ ಮದರಂಗಿ.

“ಅನಿಷಾ! ನಿನಗೆ ಎಂತ ಮಾಡಿದರು?”

“ಮೆಲ್ಲ ಮಾತಾಡಿ. ಮೊದಲು ಆ ಕಪ್ ಅಲ್ಲಾಡಿಸಿ ಕೊಡಿ, ಸಾಕು ಅಂತ ಆಗ ಗೊತ್ತಾಗುವುದಂತೆ. ಇಲ್ಲದಿದ್ದರೆ ಅವರು ಕಾಫಿ ಹಾಕ್ತಾನೇ ಇರ್ತಾರೆ. ಒಳಗೆ ಮದುಮಗಳಿಗೆ ಇಂಗ್ಲಿಷ್ ಬರ್ತದೆ, ಎಲ್ಲ ಹೇಳಿದಳು.”

“ಹೋಟೆಲಿನಲ್ಲಿ ಮದುಮಗಳಾ?”

“ಆ ಅಜ್ಜನ ಮಗಳು. ನಾಡಿದ್ದು ಮದುವೆ, ಅದಕ್ಕೇ ಗೇಟಿಗೆ ಲೈಟು.” ಅನಿಷಾ ತಲೆ ತಗ್ಗಿಸಿದಳು. “ಹೋಟೆಲ್ ಇನ್ನೊಂದು ಗೇಟು ಆಚೆಗಂತೆ ಮಾರಾಯ್ರೆ, ಇದು ಅವರ ಮನೆ. ಅತಿಥಿ ಬಂದರು ಅಂತ ಅಜ್ಜ ಫೋನ್ ಮಾಡಿ ನೆಂಟರನ್ನೆಲ್ಲ ಕರೆಸಿದ್ದಂತೆ. ಚಪ್ಪಾಳೆ ತಟ್ಟಿದ ಅತಿಥಿಗೆ ಸಕ್ಕರೆ ಸಾಕಾಯಿತಾ ಅಂತ ಕೇಳ್ತಿದ್ದಾರೆ.”